ಕಟ್ಟಿನ ದಿನಗಳಲ್ಲಿ ಒಂದು ಒಗ್ಗರಣೆ

ನಮ್ಮ ಮನೆಯವರು ಬರೆಯುತ್ತಿದ್ದ ಕಾದಂಬರಿಯಲ್ಲಿ ಏನೂ ನಡೆಯುತ್ತಿರಲಿಲ್ಲ. ಇದನ್ನು ಕುಹಕಕ್ಕೆ ಹೇಳುತ್ತಿಲ್ಲ, ಅವರೇ ಒಪ್ಪಿಕೊಂಡ ಮಾತು. ಒಂದು ಹಳ್ಳಿಯ ದೇವಸ್ಥಾನ, ಅಲ್ಲೊಬ್ಬ ಹರೆಯದ ಅರ್ಚಕ. ಒಂದು ಸಂಜೆ ಮಂಗಳಾರತಿ ಎತ್ತುವಾಗ ಎದುರಿಗಿರುವುದು ಬರಿಯ ಕಲ್ಲು ಅಂತ ಅವನಿಗೆ ಅನ್ನಿಸಿಬಿಡುತ್ತದೆ. ಅಲ್ಲಿಂದ ಮುಂದೆ ಪುಟದ ಮೇಲೆ ಪುಟ ಅವನು ಯೋಚನೆ ಮಾಡುತ್ತಾನೆ. ಗಂಧ ತೇಯುತ್ತಾ ಯೋಚನೆ, ಹೂ ಕೊಯ್ಯುತ್ತಾ ಯೋಚನೆ, ನೈವೇದ್ಯದ ಅನ್ನ ಬಸಿಯುತ್ತಾ ಯೋಚನೆ. ಹಾಡಿದ್ದೇ ಹಾಡೋ ಕಿಸುಬಾಯಿ ದಾಸ ಅಂತ ನಾನು ಒಮ್ಮೆ ನಕ್ಕಿದ್ದಕ್ಕೆ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದರು.

ಕೊಡಗಿಗೆ ಆಗ ತನ್ನದೇ ಸರ್ಕಾರ. ಮಂತ್ರಿಗಳು ಮಡಿಕೇರಿಯಲ್ಲೇ ಇರುತ್ತಿದ್ದರು. ನಾನು ಹಾಸನದ ಕಡೆಯಿಂದ ಬಂದು ಫ್ರೇಜರ್‌ಪೇಟೆಯಲ್ಲಿ ನೆಲೆಸಿದ್ದ ಶಾಲಾ ಮೇಷ್ಟರ ಮಗಳು. ಮದುವೆಯಾಗಿ ಸೇರಿದ್ದು ಹುದಿಕೇರಿಯ ಆಚೆ, ಕಾಫಿ ತೋಟಗಳ ನಡುವಿನ ಒಂದು ಊರಿನ ಅರ್ಚಕರ ಮನೆ. ಮಾವನವರು ಆ ಊರ ದೇವರಿಗೆ ಪೂಜೆ ಮಾಡುತ್ತಿದ್ದರು. ಅವರ ಅಜ್ಜನ ಕಾಲದಲ್ಲಿ ಘಟ್ಟದ ಕೆಳಗಿನಿಂದ ಹತ್ತಿ ಬಂದ ಕುಟುಂಬವಂತೆ. ನಮ್ಮ ಮನೆಯವರು ಅವರಿಗೆ ಒಬ್ಬನೇ ಮಗ, ಊರಿನ ಶಾಲೆಯಲ್ಲಿ ಮೇಷ್ಟ್ರು. ಸಂಜೆ ಊಟವಾದ ಮೇಲೆ ಲಾಟೀನು ಹತ್ತಿರಕ್ಕೆ ಎಳೆದುಕೊಂಡು ಅಂದು ಬರೆದದ್ದನ್ನು ನನಗೆ ಓದಿ ಹೇಳುವುದು ಅವರ ಪದ್ಧತಿ. ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ. ಅವರ ದನಿ ಮೆಲ್ಲಗಿನದು. ಕೇಳುತ್ತಾ ಕೇಳುತ್ತಾ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಕಾದಂಬರಿಯ ಆ ಅರ್ಚಕ ಪುಟದಿಂದ ಇಳಿದು ನಮ್ಮ ಹಿತ್ತಲ ಬಾವಿಕಟ್ಟೆಯ ಮೇಲೆ ಕುಳಿತು ಕಾಲು ತೊಳೆಯುತ್ತಿದ್ದಂತೆ ಕಾಣುತ್ತಿತ್ತು. ಬೆಳಿಗ್ಗೆ ಬಾವಿಗೆ ಹೋದರೆ ಕಟ್ಟೆ ಒದ್ದೆಯಾಗಿರುತ್ತಿತ್ತು. ಅದು ಇಬ್ಬನಿ ಅಂತ ಗೊತ್ತಿದ್ದೂ ನಾನು ಸ್ವಲ್ಪ ಪಕ್ಕಕ್ಕೆ ಸರಿದು ನೀರು ಸೇದುತ್ತಿದ್ದೆ.

ಅವನು ಯಾರು ಅನ್ನುವುದು ನನಗೆ ಮೊದಲ ಪುಟದಲ್ಲೇ ಗೊತ್ತಾಗಿತ್ತು. ನಮ್ಮ ಮನೆಯವರು ಕಾಲೇಜು ಮುಗಿಸಿ ಬಂದ ಮೇಲೆ ದೇವಸ್ಥಾನದ ಒಳಗೆ ಕಾಲಿಟ್ಟವರಲ್ಲ. ಅಪ್ಪನಿಗೆ ಹೂಬುಟ್ಟಿ ಹೊತ್ತು ತಂದುಕೊಡುತ್ತಿದ್ದರು, ಎಣ್ಣೆ ಡಬ್ಬ ತರುತ್ತಿದ್ದರು, ಎಲ್ಲವೂ ಅಂಗಳದವರೆಗೆ. ಆಮೇಲೆ ಹೊರಗಿನ ಕಲ್ಲು ಜಗಲಿಯಲ್ಲಿ ಪೇಪರು ಹಿಡಿದು ಕೂರುವುದು. ಮಾವನವರು ಯಾಕೆ ಅಂತ ಕೇಳಲಿಲ್ಲ, ಇವರು ಹೇಳಲೂ ಇಲ್ಲ. ಊರಿನವರು ಓದಿದ ಹುಡುಗ, ಮಡಿಗಿಡಿ ಕಷ್ಟ ಅಂದುಕೊಂಡು ಸುಮ್ಮನಿದ್ದರು. ಅಪ್ಪ ಮಗ ಇಬ್ಬರೂ ಆ ಮೌನವನ್ನು ತುಂಬಿದ ಹಾಲಿನ ಪಾತ್ರೆ ಹಿಡಿದ ಹಾಗೆ ತುಳುಕದಂತೆ ಹಿಡಿದುಕೊಂಡು ಓಡಾಡುತ್ತಿದ್ದರು.

ಪಾಲಿಬೆಟ್ಟದ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದ ಇವರ ಗೆಳೆಯರೊಬ್ಬರು ಆಗಾಗ ಬಸ್ಸು ಹಿಡಿದು ಬರುತ್ತಿದ್ದರು. ಲೈನುಮನೆಗಳ ಕೂಲಿಯಾಳುಗಳ ಹಾಜರಿ ಬರೆಯುವುದು ಅವರ ಕೆಲಸ, ನಮ್ಮ ಮನೆಯ ವಿಮರ್ಶಕರೂ ಅವರೇ. ಆ ಸಲ ಬಂದವರು ಬರೆದದ್ದನ್ನೆಲ್ಲ ಓದಿ, ಕಾಫಿ ಲೋಟ ಕೆಳಗಿಟ್ಟು ಹೇಳಿದರು.

"ಒಳಗಿನ ಜಗಳ ಬೇಕಾದಷ್ಟಿದೆ ಮಾರಾಯ. ಹೊರಗಿನ ಜಗಳ ಎಲ್ಲಿ? ಅವನು ನಂಬೋದಿಲ್ಲ ಅಂತ ಅವನೊಬ್ಬನಿಗೇ ಗೊತ್ತು. ಊರಿಗೆ ಗೊತ್ತಾಗದೆ ಕತೆ ಎಲ್ಲಿಗೆ ಹೋಗ್ತದೆ?"

"ಊರಿಗೆ ಹೇಗೆ ಗೊತ್ತಾಗಬೇಕು?" ಅಂದರು ಇವರು.

"ಅದನ್ನ ನೀನು ಹೇಳ್ಬೇಕು. ಏನಾದ್ರೂ ಆಗ್ಲಿ. ಒಂದು ಚಿಕ್ಕದಾದ್ರೂ ಆಗ್ಲಿ."

ಗೆಳೆಯರು ಹೋದ ಮೇಲೆ ಇವರು ತುಂಬಾ ಮಂಕಾದರು. ದೇವಸ್ಥಾನಕ್ಕೆ ಬೆಂಕಿ ಹಾಕಿಸಲೇ, ಆಭರಣ ಕಳವು ಮಾಡಿಸಲೇ ಅಂತ ನನ್ನನ್ನೇ ಕೇಳಿದರು. ಬೆಂಕಿ ಬೇಡ, ಕಳವೂ ಬೇಡ, ಮೊದಲು ಅವನಿಗೆ ಹೊಟ್ಟೆ ತುಂಬ ಊಟ ಹಾಕಿಸಿ, ಪಾಪ ಬರೀ ಯೋಚನೆಯಲ್ಲೇ ಇದ್ದಾನೆ ಅಂದೆ.

ಆಗ ನಾನು ಬಸುರಿ. ಮೊದಲನೆಯದು. ಅದೇ ಹೊತ್ತಿಗೆ ಹೂಮಳೆ ಬಿತ್ತು. ಬೇಸಿಗೆಯ ಮೊದಲಲ್ಲಿ ಬೀಳುವ ಆ ಒಂದು ಮಳೆಗೆ ಕಾಫಿ ಗಿಡಗಳು ಕೆಲವೇ ದಿನಗಳಲ್ಲಿ ಮೈತುಂಬ ಬಿಳಿ ಹೂ ಬಿಟ್ಟು ನಿಲ್ಲುತ್ತವೆ. ಬೆಟ್ಟದ ಮೇಲಿನಿಂದ ಗದ್ದೆಯವರೆಗೆ ಒಂದೇ ಪರಿಮಳ. ಮನೆಯೊಳಗೆ, ಬಟ್ಟೆಯೊಳಗೆ, ಕುಡಿಯುವ ನೀರಿನೊಳಗೆ ಕೂಡ ಅದೇ. ನನ್ನ ಸ್ಥಿತಿಗೆ ಅದು ಅಮಲೇರಿದ ಹಾಗಾಗುತ್ತಿತ್ತು. ನಡೆಯುತ್ತಿದ್ದರೂ ನಿದ್ದೆ, ನಿದ್ದೆಯಲ್ಲಿದ್ದರೂ ಎಚ್ಚರ. ಅತ್ತೆ ಏನೋ ಹೇಳಿದರೆ ಅದು ದೂರದ ತೋಟದಿಂದ ಕೇಳಿಸುತ್ತಿತ್ತು. ಆ ದಿನಗಳಷ್ಟು ಸುಖವಾಗಿ ನಾನು ಆಮೇಲೆ ಎಂದೂ ಇರಲಿಲ್ಲ ಅನ್ನಿಸುತ್ತದೆ.

ಊರ ಹಬ್ಬವೂ ಹತ್ತಿರ ಬಂದು ಕಟ್ಟು ಬಿತ್ತು. ಹಬ್ಬಕ್ಕೆ ಮುಂಚೆ ಇಂತಿಷ್ಟು ದಿನ ಊರಿಗೆ ಊರೇ ಕೆಲವು ಕೆಲಸ ಬಿಡಬೇಕು, ಅದನ್ನು ಅಲ್ಲಿ ಕಟ್ಟು ಅನ್ನುತ್ತಾರೆ. ದೇವಸ್ಥಾನದ ಹಿರಿಯರಾದ ತಕ್ಕರು ಅಂಗಳದಲ್ಲಿ ನಿಂತು ಕೂಗಿ ಹೇಳಿದರೆ ಮುಗಿಯಿತು. ಹಸಿ ಮರ ಕಡಿಯುವಂತಿಲ್ಲ. ಕೋಳಿ ಕೊಯ್ಯುವಂತಿಲ್ಲ. ಊರ ಗಡಿ ದಾಟಿ ಹೋದವರು ರಾತ್ರಿ ಹೊರಗೆ ತಂಗುವಂತಿಲ್ಲ. ನಮ್ಮ ಊರಿನಲ್ಲಿ ಇನ್ನೊಂದೂ ಇತ್ತು, ಯಾವ ಮನೆಯಲ್ಲೂ ಒಗ್ಗರಣೆ ಹಾಕುವಂತಿಲ್ಲ. ಎಣ್ಣೆ ಕಾಯಬಾರದು, ಸಾಸಿವೆ ಸಿಡಿಯಬಾರದು. ಯಾಕೆ ಅಂತ ಅತ್ತೆಯನ್ನು ಕೇಳಿದ್ದೆ. "ದೇವರು ಊರಲ್ಲಿ ತಿರುಗಾಡ್ತಿರ್ತಾನೆ, ಗದ್ದಲ ಆಗಬಾರದು" ಅಂದಿದ್ದರು. ನನಗೆ ಆ ಮಾತು ಬಹಳ ಹಿಡಿಸಿತ್ತು. ಇವರು ಮಾತ್ರ "ಎಣ್ಣೆ ಉಳಿಯಲಿ ಅಂತ ಯಾವನೋ ಜಿಪುಣ ಮಾಡಿದ ಕಟ್ಟಳೆ" ಅಂತ ನಕ್ಕಿದ್ದರು.

ನಾನು ದೇವರನ್ನು ನಂಬುವವಳು. ಪುಸ್ತಕ ಓದಿ ನಂಬಿದ್ದಲ್ಲ, ಅಮ್ಮ ನಂಬಿದ್ದಳು, ನಾನೂ ನಂಬಿದೆ. ಕಟ್ಟು ಬಿದ್ದ ಮೇಲೆ ಬೇಯಿಸಿದ ಬಾಳೆಕಾಯಿ, ಮಜ್ಜಿಗೆ, ಕಾಯಿ ಅರೆದ ಸಪ್ಪೆ ಹುಳಿ ತಿಂದುಕೊಂಡು ಸಂತೋಷವಾಗಿಯೇ ಇದ್ದೆ. ಹಬ್ಬಕ್ಕೆ ಎರಡು ದಿನ ಇರುವಾಗ ತಕ್ಕರು ನಮ್ಮ ಮನೆಗೆ ಬಂದು ಜಗಲಿಯಲ್ಲಿ ಮಾವನ ಹತ್ತಿರ ಹಬ್ಬದ ವಿಚಾರ ಮಾತಾಡುತ್ತ ಕುಳಿತಿದ್ದರು. ಅತ್ತೆ ದೇವಸ್ಥಾನದ ಪಾತ್ರೆ ತೊಳೆಯಲು ಹೋಗಿದ್ದರು. ಸಾರು ಕುದಿಯುತ್ತಿತ್ತು. ಕಿಟಕಿಯಿಂದ ಕಾಫಿ ಹೂವಿನ ಗಾಳಿ ಬರುತ್ತಿತ್ತು. ಹೊಟ್ಟೆಯೊಳಗೆ ಮಗು ಮೊದಲ ಸಲ ಮಿಸುಕಿದ ಹಾಗಾಯಿತು. ನಾನು ಅದನ್ನೇ ಆಲಿಸುತ್ತಾ ನಿಂತುಬಿಟ್ಟೆ. ಕೈ ತನ್ನಷ್ಟಕ್ಕೆ ತಾನು ಒಗ್ಗರಣೆ ಸೌಟು ಎತ್ತಿಕೊಂಡಿತು, ಎಣ್ಣೆ ಬಿಟ್ಟಿತು, ಕೆಂಡದ ಮೇಲಿಟ್ಟಿತು, ಸಾಸಿವೆ ಡಬ್ಬಿ ತೆರೆಯಿತು.

ಸಾಸಿವೆ ಚಟಪಟ ಸಿಡಿಯಿತು. ಆಗ ನನಗೆ ಎಚ್ಚರವಾಯಿತು.

ಜಗಲಿಯ ಮಾತು ನಿಂತಿತ್ತು. ಅಷ್ಟು ದಿನದ ಸಪ್ಪೆಯ ಮೇಲೆ, ಅಷ್ಟು ಹೂವಿನ ಪರಿಮಳದ ಮೇಲೆ, ಕಾದ ಎಣ್ಣೆ ಸಾಸಿವೆಯ ಆ ವಾಸನೆ ಒಂದೇ ಸಮ ಏರಿ ಮನೆಯ ತುಂಬ ನಿಂತಿತು. ನಾನು ಸೌಟನ್ನು ನೀರಿನಲ್ಲಿ ಅದ್ದಿದೆ. ಅದು ಇನ್ನೂ ಜೋರಾಗಿ ಚುಂಯ್ ಅಂದಿತು.

"ಭಟ್ಟರೇ, ಅದೆಂಥ ಶಬ್ದ?" ತಕ್ಕರ ದನಿ.

ಮಾವನವರು ಏನಾದರೂ ಹೇಳಬಹುದಿತ್ತು. ಪಾತ್ರೆ ಬಿತ್ತು ಅನ್ನಬಹುದಿತ್ತು. ಅವರು "ಒಗ್ಗರಣೆ" ಅಂದರು.

ತಕ್ಕರು ಕೆಟ್ಟವರಲ್ಲ. ಬಾಗಿಲಲ್ಲಿ ನಿಂತು ಅಳುತ್ತಿದ್ದ ನನ್ನನ್ನು ನೋಡಿ ಅವರಿಗೇ ಕಸಿವಿಸಿಯಾಯಿತು. "ಅಳಬೇಡಮ್ಮ. ಬೇಕೂಂತ ಮಾಡಿದ್ದಲ್ಲ, ಗೊತ್ತು. ಆದ್ರೆ ಕಟ್ಟು ಕಟ್ಟೇ. ನಾನು ಕೇಳ್ಲಿಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ? ನಾಳೆ ಬೆಳಿಗ್ಗೆ ಮನೆಯ ಗಂಡಸು ದೇವರ ನಡೆಯಲ್ಲಿ ನಿಂತು ತಪ್ಪು ಹೇಳ್ಲಿ. ತೀರ್ಥ ತಕ್ಕೊಳ್ಳಿ. ಅಲ್ಲಿಗೆ ಎಲ್ಲ ಸರಿ."

ಊರಿನಲ್ಲಿ ಯಾರ ಮನೆಯಲ್ಲಿ ಕಟ್ಟು ಮುರಿದರೂ ಅದೇ ಕ್ರಮ. ಮನೆಯ ಗಂಡಸು ಗರ್ಭಗುಡಿಯ ಎದುರು ನಿಂತು, ಊರ ಹಿರಿಯರಿಗೆ ಕೇಳುವಂತೆ, ತಿಳಿಯದೆ ತಪ್ಪಾಯಿತು, ಹೊಟ್ಟೆಗೆ ಹಾಕಿಕೋ ಅಂತ ಹೇಳಬೇಕು. ಒಳಗಿನಿಂದ ಅರ್ಚಕರು ತೀರ್ಥ ಕೊಡಬೇಕು. ಆದರೆ ನಮ್ಮ ಮನೆಯ ಹಿರಿಯ ಗಂಡಸೇ ಅರ್ಚಕರು.

"ನಾನು ಹೇಳೋಕಾಗೋದಿಲ್ಲ. ನಾನು ನಿಲ್ಲೋದು ದೇವರ ಕಡೆ. ನಾನೇ ಕೇಳಿ ನಾನೇ ಕೊಟ್ಟ ಹಾಗಾಗ್ತದೆ" ಅಂದರು ಮಾವ.

ಉಳಿದವರು ಒಬ್ಬರೇ.

ಆ ಮಧ್ಯಾಹ್ನ ಅತ್ತೆ ನನ್ನನ್ನು ಬಯ್ಯಲಿಲ್ಲ. "ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ" ಅಂದರು, ಆದರೆ ಅವರ ಕಣ್ಣು ನನ್ನ ಹೊಟ್ಟೆಯ ಮೇಲೆಯೇ ಇತ್ತು. ಆ ನೋಟ ಬಯ್ಗುಳಕ್ಕಿಂತ ಕಷ್ಟವಾಗಿತ್ತು. ನಾನು ಹೋಗಿ ಮಲಗಿದೆ. ನಿದ್ದೆಯಲ್ಲಿ ಕಾಫಿ ತೋಟದ ಬಿಳುಪಿನಲ್ಲಿ ನಡೆಯುತ್ತಿದ್ದೆ. ಕಾಲಿಗೆ ನೆಲ ಸಿಗುತ್ತಿರಲಿಲ್ಲ. ಮುಂದೆ ಒಬ್ಬರು ಹೋಗುತ್ತಿದ್ದರು. ಅವರ ತೋಳಿನಲ್ಲಿ ಬಟ್ಟೆ ಸುತ್ತಿದ ಮಗು. ಎಷ್ಟು ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಅವರು ಕಾದಂಬರಿಯ ಅರ್ಚಕರೋ, ಊರಲ್ಲಿ ತಿರುಗಾಡುತ್ತಿದ್ದ ದೇವರೋ, ನನ್ನ ಗಂಡನೋ ತಿಳಿಯಲಿಲ್ಲ. ಎಚ್ಚರವಾದಾಗ ಮೈಯೆಲ್ಲ ಬೆವರು. ಮಗು ಮಿಸುಕುತ್ತದೆಯೇ ಅಂತ ಕಾದೆ, ಮಿಸುಕಲಿಲ್ಲ. ಆಗ ಹುಟ್ಟಿದ ಹೆದರಿಕೆಯನ್ನು ನಾನು ಇಂದಿಗೂ ನಗೆಯಲ್ಲಿ ತೇಲಿಸಲಾರೆ.

ಸಂಜೆ ಶಾಲೆಯಿಂದ ಬಂದ ಇವರಿಗೆ ಅತ್ತೆ ಎಲ್ಲ ಹೇಳಿದರು. ಇವರು ಮೊದಲು ನಕ್ಕರು. ಆಮೇಲೆ ನಗಲಿಲ್ಲ.

"ನಾನು ಹೇಳೋದಿಲ್ಲ" ಅಂದರು. "ಹೇಳಿದರೆ ಸುಳ್ಳಾಗ್ತದೆ. ನಾನು ನಂಬೋದಿಲ್ಲ. ನಂಬದೆ ಹೇಳಿದರೆ ನನ್ನ ಲೆಕ್ಕದಲ್ಲೂ ಸುಳ್ಳು, ನಿಮ್ಮ ದೇವರ ಲೆಕ್ಕದಲ್ಲೂ ಸುಳ್ಳು."

ಅಷ್ಟು ವರ್ಷ ತುಳುಕದೆ ಹಿಡಿದದ್ದು ಆ ಸಂಜೆ ಚೆಲ್ಲಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಮಾವನವರನ್ನು ನೋಡಿದೆ. ಅವರ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ಸುಳ್ಳು ಹೇಳು ಅಂತ ನಾನು ಹೇಳೋದಿಲ್ಲ" ಅಂದರು ಅವರು. "ದೇವರ ಎದುರು ಅದೊಂದು ಬೇಡ."

"ಹಾಗಾದರೆ ಏನು ಮಾಡೋದು ಅಪ್ಪಯ್ಯ?"

"ನನಗೆ ಗೊತ್ತಿಲ್ಲ ಮಗ."

ಅಷ್ಟು ಹೇಳಿ ಅವರು ಸಂಜೆಯ ಪೂಜೆಗೆ ಎದ್ದು ಹೋದರು. ಇವರು ಹೋಗಿ ಬರೆಯುವ ಮಣೆಯ ಮುಂದೆ ಕುಳಿತರು. ನನಗೆ ಸಿಟ್ಟು ನೆತ್ತಿಗೇರಿತು. ಮದುವೆಯಾದ ಮೇಲೆ ಮೊದಲ ಸಲ ಗಂಡನ ಮೇಲೆ ದನಿ ಎತ್ತಿದೆ.

"ನಿಮ್ಮ ಕಾದಂಬರಿಯವನಿಗೆ ಯೋಚನೆ ಮಾಡೋಕೆ ಬೇಕಾದಷ್ಟು ಪುಟ ಕೊಟ್ಟಿದೀರಿ. ನನಗೆ ಇರೋದು ನಾಳೆ ಬೆಳಿಗ್ಗೆವರೆಗೆ. ನಿಮಗೆ ಸುಳ್ಳಾಗ್ತದೆ ಅಂತ ಭಯ. ನನಗೆ ಏನಾಗ್ತದೆ ಅಂತ ಭಯ, ಗೊತ್ತಾ?"

"ಏನೂ ಆಗೋದಿಲ್ಲ ಕಣೆ. ಸಾಸಿವೆ ಸಿಡಿದರೆ ಮಗುವಿಗೆ ಏನಾಗ್ತದೆ?"

"ಏನೂ ಆಗೋದಿಲ್ಲ ಅಂತ ನನ್ನ ತಲೆಗೂ ಗೊತ್ತು. ತಲೆಗೆ ಗೊತ್ತಾದರೆ ಸಾಕಾ?"

ಆ ರಾತ್ರಿ ಇವರು ಓದಿ ಹೇಳಲಿಲ್ಲ. ಮಣೆಯ ಮುಂದೆ ಕುಳಿತೇ ಇದ್ದರು, ಲೇಖನಿ ಮುಟ್ಟಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಮಲಗಿ, ನಾಳೆ ಬರದಿದ್ದರೆ ಒಳ್ಳೆಯದು ಅಂದುಕೊಂಡೆ.

ಬೆಳಿಗ್ಗೆ ಮಂಜು ಕವಿದಿತ್ತು. ಇವರು ಸ್ನಾನ ಮಾಡಿ ಪಂಚೆ ಉಟ್ಟು ಬಂದರು. "ಬಂದು ನಿಲ್ತೀನಿ. ಏನು ಹೇಳ್ತೀನೋ ಗೊತ್ತಿಲ್ಲ" ಅಂದರು. ತೋಟದ ದಾರಿಯಲ್ಲಿ ಅವರು ಮುಂದೆ, ನಾನೂ ಅತ್ತೆಯೂ ಹಿಂದೆ. ಎರಡೂ ಕಡೆ ಹೂ ಬಾಡತೊಡಗಿತ್ತು, ಪರಿಮಳ ಇನ್ನೂ ಇತ್ತು. ಮಂಜಿನಲ್ಲಿ ಇವರ ಬೆನ್ನು ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಹಿಂದಿನ ದಿನದ ಕನಸಿಗೇ ಮತ್ತೆ ಬಂದೆನೋ ಅಂತ ನಾನು ಅತ್ತೆಯ ಕೈ ಹಿಡಿದುಕೊಂಡೆ.

ದೇವಸ್ಥಾನದ ಅಂಗಳದಲ್ಲಿ ತಕ್ಕರು, ಜೊತೆಗೆ ಊರಿನ ಕೆಲವು ಹಿರಿಯರು. ನಾವು ಹೆಂಗಸರು ಅಂಗಳದ ಅಂಚಿನಲ್ಲಿ ನಿಂತೆವು. ಒಳಗೆ ದೀಪ ಉರಿಯುತ್ತಿತ್ತು, ಮಾವನವರು ತಾಮ್ರದ ತಂಬಿಗೆ ಹಿಡಿದು ಗರ್ಭಗುಡಿಯ ಬಾಗಿಲಲ್ಲಿ ನಿಂತಿದ್ದರು. ಇವರು ಕಲ್ಲು ಜಗಲಿ ದಾಟಿದರು, ಮೆಟ್ಟಿಲು ಹತ್ತಿದರು. ಕಾಲೇಜು ಮುಗಿಸಿ ಬಂದಂದಿನಿಂದ ದಾಟದ ಹೊಸ್ತಿಲು. ಅದು ಯಾಕೆ ಅಂತ ಹಿರಿಯರಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಹೇಳಿ ಮೇಷ್ಟ್ರೇ" ಅಂದರು ತಕ್ಕರು.

ಇವರು ನಿಂತೇ ಇದ್ದರು. ಕೈ ಮುಗಿಯಲಿಲ್ಲ. ಎಷ್ಟು ಹೊತ್ತು ಅಂತ ಹೇಳಲಾರೆ. ಮಂಜು ಮರದಿಂದ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಇನ್ನು ಇವರು ತಿರುಗಿ ಇಳಿದು ಬರುತ್ತಾರೆ, ಊರಿಗೆ ಎಲ್ಲ ಗೊತ್ತಾಗುತ್ತದೆ, ಮಾವನವರು ನಾಳೆಯಿಂದ ಯಾವ ಮುಖ ಹೊತ್ತು ಪೂಜೆ ಮಾಡುತ್ತಾರೆ ಅಂತ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಆಗ ಇವರು ಮಾತಾಡಿದರು. ಅಂಗಳದ ಕೊನೆಯವರೆಗೂ ಕೇಳುವಂತೆ, ಶಾಲೆಯಲ್ಲಿ ಪಾಠ ಹೇಳುವ ದನಿಯಲ್ಲಿ.

"ನನ್ನ ಹೆಂಡತಿ ಹೆದರಿದ್ದಾಳೆ. ಅವಳ ಹೆದರಿಕೆ ತೆಗಿ."

ಅಷ್ಟೇ.

ತಕ್ಕರು ಕೆಮ್ಮಿದರು. "ಅದಲ್ಲ ಮೇಷ್ಟ್ರೇ ಮಾತು. ತಪ್ಪಾಯ್ತು ಅಂತ ಹೇಳ್ಬೇಕು."

ಇವರು ಮತ್ತೇನೂ ಹೇಳಲಿಲ್ಲ. ತಲೆ ತಗ್ಗಿಸಲೂ ಇಲ್ಲ. ಮಾವನವರು ಮಗನನ್ನು ನೋಡಿದರು, ಆಮೇಲೆ ತಿರುಗಿ ಒಳಗೆ ನೋಡಿದರು. ಗಂಟೆ ಬಾರಿಸಿದರು. ತಂಬಿಗೆ ತಂದು, "ಕೈ ಒಡ್ಡು" ಅಂದರು. ಇವರು ಬಲಗೈ ಒಡ್ಡಿದರು. ಮಾವನವರು ತೀರ್ಥ ಹಾಕಿ, ಕೈ ತುಂಬಿ ಚೆಲ್ಲಿ ನೆಲಕ್ಕೆ ಬೀಳುತ್ತಿದ್ದರೂ ನಿಲ್ಲಿಸದೆ ಹಾಕುತ್ತಲೇ ಇದ್ದರು.

"ಭಟ್ಟರೇ?" ಅಂದರು ತಕ್ಕರು.

"ತೀರ್ಥ ಕೊಟ್ಟಾಯ್ತು" ಅಂದರು ಮಾವ. "ನಾನು ಇಷ್ಟು ವರ್ಷ ಇಲ್ಲಿ ನಿಂತು ತಪ್ಪು ಹೇಳೋರನ್ನ ಕೇಳಿದೀನಿ. ಬಾಯಿಪಾಠ ಒಪ್ಪಿಸಿ ಹೋಗ್ತಾರೆ. ಇವನು ನಿಜ ಹೇಳಿದ."

"ತೀರ್ಥ ಕೊಟ್ಟ ಮೇಲೆ ನಮ್ಮದೇನು" ಅಂತ ತಕ್ಕರು ಗೊಣಗಿದರು. ಆಮೇಲೆ ಹಬ್ಬದ ಕೆಲಸದ ಮಾತಿಗೆ ತಿರುಗಿಕೊಂಡರು. ಹಬ್ಬ ನಡೆಯಿತು.

ನನ್ನ ಹೆದರಿಕೆ ಹೋಯಿತೇ ಅಂತ ಕೇಳಿದರೆ, ಹೋಯಿತು. ಅದು ದೇವರು ತೆಗೆದದ್ದೋ ಇವರು ತೆಗೆದದ್ದೋ ಅಂತ ಆಗ ನಾನು ವಿಂಗಡಿಸಲು ಹೋಗಲಿಲ್ಲ. ಆ ದಿನ ದಾರಿಯಲ್ಲಿ ಬರುವಾಗ ಮಗು ಮಿಸುಕಿತು, ಅಷ್ಟೇ ನನಗೆ ಬೇಕಿತ್ತು. ಆಮೇಲೆ ಬಂದದ್ದು ಬೇರೆ ಸಂಕಟ. ಇವರು ಮಳೆಗಾಲ ಮುಗಿಯುವವರೆಗೂ ಕಾದಂಬರಿಯ ಒಂದು ಸಾಲೂ ಬರೆಯಲಿಲ್ಲ. ಸಂಜೆ ನನ್ನ ಪಕ್ಕ ಸುಮ್ಮನೆ ಕೂರುತ್ತಿದ್ದರು. ದೇವಸ್ಥಾನಕ್ಕೆ ಮತ್ತೆ ಹೋಗಲೂ ಇಲ್ಲ, ಅಂಗಳದವರೆಗೆ ಹೂಬುಟ್ಟಿ, ಕಲ್ಲು ಜಗಲಿ, ಪೇಪರು. ನನಗಾಗಿ ಏನೋ ಒಂದನ್ನು ಇವರ ಕೈಯಿಂದ ಕಿತ್ತುಕೊಂಡೆನಲ್ಲ ಅಂತ ಒಳಗೊಳಗೇ ಕೊರೆಯುತ್ತಿತ್ತು. ದೀಪ ಹಚ್ಚಿ ಕೈಮುಗಿದರೆ ಶ್ಲೋಕ ಬಾಯಿಗೆ ಬರುತ್ತಿರಲಿಲ್ಲ.

ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ತವರಿನಿಂದ ನಾನು ಮರಳಿ ಬರುವ ಹೊತ್ತಿಗೆ ಕಾದಂಬರಿ ಮುಗಿದಿತ್ತು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೊನೆಯ ಅಧ್ಯಾಯ ಕೇಳಿದೆ. ಕಾದಂಬರಿಯ ಊರಿನಲ್ಲೂ ಕಟ್ಟು ಬೀಳುತ್ತದೆ. ಅದನ್ನು ಯಾರೋ ಮುರಿಯುತ್ತಾರೆ. ಆ ಅರ್ಚಕ ಊರಿನವರ ಎದುರು ನಿಂತು, ನಾನು ನಂಬುವುದಿಲ್ಲ ಅಂತ ಹೇಳಿ, ದೇವಸ್ಥಾನದ ಬೀಗದ ಕೈ ಕಲ್ಲಿನ ಮೇಲಿಟ್ಟು, ಗಡಿ ದಾಟಿ ಹೋಗಿಬಿಡುತ್ತಾನೆ. ಚೆನ್ನಾಗಿತ್ತು. ಪಾಲಿಬೆಟ್ಟದ ಗೆಳೆಯರೂ ಮೆಚ್ಚಿದ್ದರಂತೆ.

ಕೇಳಬಾರದು ಅಂದುಕೊಂಡರೂ ತಡೆಯಲಾಗಲಿಲ್ಲ.

"ನೀವು ಹೇಳಿದ್ದನ್ನ ಅವನ ಬಾಯಲ್ಲಿ ಯಾಕೆ ಹೇಳಿಸಲಿಲ್ಲ?"

ಇವರು ಹಾಳೆಗಳನ್ನು ಜೋಡಿಸುತ್ತಿದ್ದರು. "ಹೇಳಿಸಿದರೆ ಓದೋರು ಅವನಿಗೆ ನಂಬಿಕೆ ಬಂತು ಅಂದ್ಕೊಳ್ತಾರೆ" ಅಂದರು.

"ನಿಮಗೆ ಬಂತಾ?"

ಅವರು ಹಾಳೆಗಳನ್ನು ಕೆಳಗಿಟ್ಟು ನನ್ನನ್ನು ನೋಡಿದರು.

"ನೀನು ತುಂಬಾ ಹೆದರಿದ್ದೆ" ಅಂದರು.